ದಪ್ಪ ಪ್ಲೇಟಿಗೆ ಮೂರು ಮಿಲಿಮೀಟರ್

ವೆಲ್ಡಿಂಗ್ ಷೆಡ್ಡಿನ ಮೇಲಿನ ಮನೆಗೆ ಇರುವುದು ಒಂದೇ ಮೆಟ್ಟಿಲು. ಅದು ಇಳಿಯುವುದು ನೇರವಾಗಿ ಮಾವನ ಆಫೀಸಿನೊಳಕ್ಕೆ, ಅವರ ಮೇಜಿನ ಪಕ್ಕಕ್ಕೆ. ಹನ್ನೆರಡು ವರ್ಷಗಳಿಂದ ಅಳಿಯ ಬೀದಿಗೆ ಕಾಲಿಟ್ಟದ್ದೆಲ್ಲ ಆ ಮೇಜನ್ನು ದಾಟಿಯೇ. ಎಲ್ಲಿಗೆ ಎಂದು ಮಾವ ಕೇಳುವುದಿಲ್ಲ. ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾರೆ, ಅಷ್ಟೆ. ಅಳಿಯ ತಾನಾಗಿಯೇ ಹೇಳುತ್ತಾನೆ. ಒಮ್ಮೆ, ಸುಮ್ಮನೆ ಗಾಳಿಗೆ ಹೋಗಿಬರೋಣವೆಂದು ಇಳಿದವನು, ಕನ್ನಡಕ ಮೇಲೇರಿದ್ದನ್ನು ಕಂಡು ಬೇರೇನೂ ತೋಚದೆ, "ಬ್ಲೇಡ್ ತರ್ತೀನಿ, ಗಡ್ಡಕ್ಕೆ" ಅಂದಿದ್ದ. ಹೇಳಿದ ಮೇಲೆ ತರಲೇಬೇಕಲ್ಲ, ತಂದ. ಅಂದಿನಿಂದ ಗಾಳಿಗೆ ಹೋಗಬೇಕೆನಿಸಿದಾಗಲೆಲ್ಲ ಅದೇ ಮಾತು. ಬಚ್ಚಲುಮನೆಯ ಗೂಡಿನಲ್ಲಿ ಹಾಗೆ ಸೇರಿಕೊಂಡಿರುವ ಬ್ಲೇಡುಗಳನ್ನು ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಮುಗಿಸುವುದು ಕಷ್ಟ.

ಅವನು ಈ ಊರಿಗೆ ಬಂದದ್ದು ಎಣ್ಣೆ ಟ್ಯಾಂಕುಗಳನ್ನು ಕಟ್ಟುವ ಕೆಲಸಕ್ಕೆ. ಭುಜ ಓರೆ ಮಾಡಿದರಷ್ಟೇ ತೂರಬಹುದಾದ ದುಂಡನೆಯ ಕಿಂಡಿಯಿಂದ ಒಳಗಿಳಿದು, ಕಬ್ಬಿಣದ ಹೊಟ್ಟೆಯೊಳಗೆ ಒಬ್ಬನೇ ಕೂತು ಬೆಸುಗೆ ಹಾಕುತ್ತಿದ್ದ. ಅಲ್ಲಿ ತನ್ನ ಉಸಿರೇ ಬೇರೆ ಯಾರದೋ ಉಸಿರಿನಂತೆ ಕೇಳಿಸುತ್ತಿತ್ತು. ಅವನಿಗೆ ಅದು ಇಕ್ಕಟ್ಟು ಅನ್ನಿಸಲಿಲ್ಲ. ಮೇಲೆ ನೋಡಿದರೆ ಕಿಂಡಿಯಷ್ಟು ಆಕಾಶ ಕಾಣುತ್ತಿತ್ತು, ಕೆಲಸ ಮುಗಿದರೆ ಅದರ ಮೂಲಕ ಹೊರಗೆ ಬರಬಹುದಿತ್ತು.

ಆ ಟ್ಯಾಂಕುಗಳ ಏಣಿ ಮಾಡಿಕೊಡುತ್ತಿದ್ದದ್ದು ಮಾವನ ಷೆಡ್ಡು. ಅಳತೆ ಕೊಡಲು ಬಂದ ಹುಡುಗ ಅಲ್ಲೇ ಒಂದು ತುಂಡಿಗೆ ಬೆಸುಗೆ ಹಾಕಿ ತೋರಿಸಿದ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಅದರ ಅಲೆಗಳ ಮೇಲೆ ಮಾವ ಉಗುರಾಡಿಸಿದರು. ಆರು ತಿಂಗಳಿಗೆ ಮದುವೆ ಆಯಿತು. "ಜಾತಕ ನೋಡಿ ಹೆಣ್ಣು ಕೊಡೋರಿದಾರೆ. ನಾನು ವೆಲ್ಡಿಂಗ್ ನೋಡಿ ಕೊಟ್ಟೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮದುವೆಯ ಹೊಸದರಲ್ಲಿ ಅಳಿಯನಿಗೆ 'ನೀವು' ಎನ್ನುತ್ತಿದ್ದ ಮಾವ ಮೊದಲ ವರ್ಷ ಮುಗಿಯುವುದರೊಳಗೆ 'ನೀನು' ಎಂದರು. ಅದರಿಂದ ಅವನಿಗೆ ಸಂತೋಷವೇ ಆಗಿತ್ತು. ಮಾವ ಈಗ 'ನೀವು' ಎನ್ನುವುದು ಸಿಟ್ಟು ಬಂದಾಗ ಮಾತ್ರ.

ಐದು ವರ್ಷದ ಹಿಂದೆ ಹಡಗು ಕಟ್ಟುವ ಕಾರ್ಖಾನೆಯೊಂದರಿಂದ ಅವನಿಗೆ ಕೆಲಸದ ಕಾಗದ ಬಂತು. ಷೆಡ್ಡಿನ ವಿಳಾಸಕ್ಕೆ ಬಂದದ್ದನ್ನು ಮಾವ ಒಡೆದರು, ಗಟ್ಟಿಯಾಗಿ ಓದಿದರು, "ಸಂತೋಷ" ಎಂದು ಮಡಚಿ ಮೇಜಿನ ಮೇಲಿನ ಕಬ್ಬಿಣದ ಗುಂಡಿನಡಿ ಇಟ್ಟರು. ಬೇಡ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಅಳಿಯ ದಿನಕ್ಕೆ ನಾಲ್ಕು ಸಲ ಆ ಮೇಜಿನ ಪಕ್ಕದಲ್ಲಿ ಓಡಾಡಿದ. ಕೈ ಚಾಚಿದ್ದರೆ ಸಿಗುತ್ತಿತ್ತು. ಸೇರಬೇಕಾದ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗುಂಡಿನ ಕೆಳಗೆ ಬೇರೆ ಯಾವುದೋ ಕಾಗದ ಇತ್ತು.

ಈ ವರ್ಷ ಷೆಡ್ಡಿಗೆ ಶಾಲೆಯ ಕೆಲಸ ಬಂತು. ಹೊಸದಾಗಿ ಕಟ್ಟಿದ ಎರಡನೇ ಮಹಡಿಯ ಪಡಸಾಲೆಗೆ ಕಂಬಿ ಹಾಕಬೇಕು. ಅಳತೆಗೆ ಹೋದ ಅಳಿಯ, ಅಂಚಿಗೆ ಸದ್ಯಕ್ಕೆಂದು ಕಟ್ಟಿದ್ದ ಹಗ್ಗಕ್ಕೆ ಮಕ್ಕಳು ಸಾಲಾಗಿ ಹೊಟ್ಟೆಯೊತ್ತಿ ನಿಂತು ಕೆಳಗಿನವರನ್ನು ಕೂಗುತ್ತಿದ್ದದ್ದನ್ನು ನೋಡಿಬಂದಿದ್ದ. ಮೂವತ್ತೆರಡು ಕಂಬಗಳು. ಒಂದೊಂದು ಕಂಬವೂ ಎಂಟು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ. ಅದು ನಿಲ್ಲುವುದು ಹತ್ತು ಮಿಲಿಮೀಟರಿನ ಪಾದದ ಪ್ಲೇಟಿನ ಮೇಲೆ. ಎರಡೂ ಕೂಡುವ ಮೂಲೆಗೆ ಎರಡೂ ಬದಿ ಮೂರು ಮಿಲಿಮೀಟರಿನ ಬೆಸುಗೆ. ಡ್ರಾಯಿಂಗಿನಲ್ಲಿ ಇದ್ದದ್ದು ಇಷ್ಟು.

ಹತ್ತರ ಪ್ಲೇಟು ಸಿಗಲಿಲ್ಲ. ಷೆಡ್ಡಿನ ಹಿಂದೆ, ಯಾರೋ ಹೇಳಿ ಮಾಡಿಸಿ ಆಮೇಲೆ ಬೇಡವೆಂದ ಕೆಲಸದ ಪ್ಲೇಟುಗಳು ಬಹಳ ಕಾಲದಿಂದ ತುಕ್ಕು ಹಿಡಿದು ಬಿದ್ದಿದ್ದವು. ಇಪ್ಪತ್ತೈದು ಮಿಲಿಮೀಟರ್ ದಪ್ಪ.

"ಇದನ್ನೇ ಕತ್ತರಿಸು" ಎಂದರು ಮಾವ. "ಎರಡೂವರೆ ಪಟ್ಟು ಗಟ್ಟಿ. ಹೆಚ್ಚು ಕೊಟ್ರೆ ಬೇಡ ಅನ್ನೋರು ಯಾರು?"

ಯಾರೂ ಅನ್ನಲಿಲ್ಲ. ಫೋನಿನಲ್ಲಿ ಹೆಡ್ ಮೇಡಂ ಎರಡು ಸಲ ಥ್ಯಾಂಕ್ಸ್ ಹೇಳಿದರು. ಅಳಿಯನೂ ಕತ್ತರಿಸಿದ, ಉಜ್ಜಿದ, ಪಟ್ಟಿ ನಿಲ್ಲಿಸಿದ, ಮೂರರ ಬೆಸುಗೆ ಹಾಕಿದ. ಮೂರು ದಿನಕ್ಕೆ ಮೂವತ್ತೆರಡೂ ಮುಗಿದವು.

ಮಂಗಳವಾರ ಬೆಳಿಗ್ಗೆ ಬಣ್ಣದಜ್ಜಿ ಕೆಂಪು ಪ್ರೈಮರಿನ ಡಬ್ಬ ಕಲಕುತ್ತಾ ಕೂತಿದ್ದಳು. ಷೆಡ್ಡಿನ ಕಬ್ಬಿಣಕ್ಕೆಲ್ಲ ಬಣ್ಣ ಬಳಿಯುವುದು ಅವಳ ಕೆಲಸ. ಮಾವನಿಗಿಂತ ಎರಡು ವರ್ಷ ದೊಡ್ಡವಳು, ಮಾವನಿಗೆ ಎದುರು ಮಾತಾಡುವವಳು ಅವಳೊಬ್ಬಳೇ. ಅಳಿಯ ಒಂದು ಕಂಬವನ್ನು ಅವಳ ಕಡೆ ಎತ್ತಿ ತರುವಾಗ ಕೈಗವಸು ಜಾರಿತು. ಕಂಬ ಸೊಂಟದೆತ್ತರದಿಂದ ನೆಲಕ್ಕೆ ಬಿತ್ತು. ಠಣ್ ಎನ್ನಬೇಕಾದದ್ದು ಚಟ್ ಎಂದಿತು. ಪಾದ ಒಂದು ಕಡೆ, ಪಟ್ಟಿ ಒಂದು ಕಡೆ.

"ಏನಪ್ಪಾ ಅಳಿಯಪ್ಪ, ನನ್ನ ಹಲ್ಲು ಕಿತ್ತು ಬಂದ ಹಾಗೆ ಬಂತಲ್ಲೋ!" ಎಂದಳು ಅಜ್ಜಿ. "ನನ್ನದಾದ್ರೂ ಎಪ್ಪತ್ತು ವರ್ಷ ತಡೀತು."

ಅಳಿಯ ನಗಲಿಲ್ಲ. ಮಂಡಿಯೂರಿ ಕೂತು ಪಾದವನ್ನು ಬೆಳಕಿಗೆ ಹಿಡಿದ. ಬೆಸುಗೆ ಪೂರ್ತಿ ಪಟ್ಟಿಯ ಜೊತೆಗೇ ಹೋಗಿತ್ತು. ಪ್ಲೇಟಿನ ಮೇಲೆ ಉಳಿದಿದ್ದದ್ದು ಒಂದು ಬೂದುಬಣ್ಣದ ಗೆರೆ, ಒಡೆದ ಸಕ್ಕರೆಯಂತೆ ಸಣ್ಣಗೆ ಮಿನುಗುತ್ತಿತ್ತು. ಕಬ್ಬಿಣ ಎಳೆದು ಹರಿದಿದ್ದರೆ ಮೈ ಹೀಗೆ ಕಾಣುವುದಿಲ್ಲ. ಇದು ಬಿರಿದದ್ದು.

ಅವನು ತನ್ನ ಹಳೆಯ ವೆಲ್ಡಿಂಗ್ ರಾಡಿನ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದ. ಒಳಬದಿಗೆ ಒಂದು ರಟ್ಟು ಅಂಟಿಸಿತ್ತು. ಟ್ಯಾಂಕಿನ ಕೆಲಸದ ದಿನಗಳಲ್ಲಿ ಅವನೇ ಬರೆದುಕೊಂಡದ್ದು, ಇಪ್ಪತ್ತೆರಡರ ವಯಸ್ಸಿನ ಉರುಟು ಅಕ್ಷರ. ದಪ್ಪ ಪ್ಲೇಟು ಹತ್ತರವರೆಗೆ: ಬೆಸುಗೆ ಮೂರು. ಹತ್ತು ದಾಟಿ ಇಪ್ಪತ್ತರವರೆಗೆ: ಐದು. ಇಪ್ಪತ್ತು ದಾಟಿ ಮೂವತ್ತೆರಡರವರೆಗೆ: ಆರು. 'ದಪ್ಪ' ಎಂಬುದರ ಕೆಳಗೆ ಎರಡು ಗೆರೆ.

ಬಿಸಿ ಯಾವಾಗಲೂ ದಪ್ಪದ ಕಡೆಗೇ ಓಡುತ್ತದೆ. ಸಣ್ಣ ಬೆಸುಗೆ ಸರಿಯಾಗಿ ಬೆರೆಯುವ ಮೊದಲೇ ದಪ್ಪ ಪ್ಲೇಟು ಅದರ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಹಾಗೆ ತಟ್ಟನೆ ತಣಿದ ಬೆಸುಗೆ ಗಡಸಾಗುತ್ತದೆ. ಗಡಸಾದದ್ದು ಬಾಗಲಾರದೆ ಬಿರಿಯುತ್ತದೆ. ಬೆಸುಗೆ ಎಷ್ಟಕ್ಕಿಂತ ದೊಡ್ಡದಾಗಬಾರದು ಎಂದು ಹೇಳುವುದು ತೆಳು ಪಟ್ಟಿ. ಎಷ್ಟಕ್ಕಿಂತ ಚಿಕ್ಕದಾಗಬಾರದು ಎಂದು ಹೇಳುವುದು ದಪ್ಪ ಪ್ಲೇಟು. ಅವನಿಗೆ ಇದು ಗೊತ್ತಿತ್ತು. ಮೂರು ದಿನವೂ ಬೆಸುಗೆಯ ಮಗ್ಗುಲಲ್ಲಿ ಪಟ್ಟಿ ಕೆಂಪಗೆ ಕಾಯುತ್ತಿದ್ದರೆ, ಪಾದದ ಪ್ಲೇಟು ಏನೂ ಆಗದವರಂತೆ ತಣ್ಣಗೆ ಇದ್ದದ್ದನ್ನು ಅವನ ಕೈ ಗಮನಿಸಿತ್ತು. ಕೈ ಗಮನಿಸಿದ್ದನ್ನು ತಲೆ ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ವರ್ಷದಿಂದ ಈ ಷೆಡ್ಡಿನಲ್ಲಿ ತಲೆ ಮಾವನದು, ಕೈ ಅವನದು.

ಅವನು ಪಾದವನ್ನೂ ಪಟ್ಟಿಯನ್ನೂ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟ. ಪಕ್ಕದ ಸಣ್ಣ ಮೇಜಿನಲ್ಲಿ ಅವನ ಹೆಂಡತಿ ಲಾರಿಗೆ ಕೊಡಬೇಕಾದ ಚೀಟಿ ಬರೆಯುತ್ತಿದ್ದಳು. ಮಾವನಿಗೆ ಒಬ್ಬಳೇ ಮಗಳು, ಆಫೀಸಿನ ಬರವಣಿಗೆ, ಫೋನು ಎಲ್ಲ ಅವಳದೇ.

"ಬಿದ್ದು ಮುರೀತು ಮಾವ."

"ಬಿದ್ರೆ ಮುರಿಯಲ್ವಾ? ನೀನು ಬಿದ್ರೂ ಮುರೀತೀಯ."

"ಸೊಂಟದೆತ್ತರದಿಂದ ಬಿದ್ದಿದ್ದು. ಪಟ್ಟಿ ಬಾಗ್ಬೇಕಿತ್ತು, ಬೆಸುಗೆ ಬಿಡಬಾರ್ದಿತ್ತು."

"ಡ್ರಾಯಿಂಗಲ್ಲಿ ಎಷ್ಟಿದೆ?"

"ಮೂರು."

"ನೀನು ಹಾಕಿದ್ದು?"

"ಮೂರೇ."

"ಮತ್ತೇನು?"

"ಡ್ರಾಯಿಂಗ್ ಇರೋದು ಹತ್ತರ ಪ್ಲೇಟಿಗೆ ಮಾವ. ನಾವು ಹಾಕಿರೋದು ಇಪ್ಪತ್ತೈದು. ಇದಕ್ಕೆ ಕಮ್ಮಿ ಅಂದ್ರೂ ಆರು ಬೇಕು, ಪ್ಲೇಟು ಕಾಯಿಸಿ ಹಾಕ್ಬೇಕು. ನಾನೇ ನೋಡ್ಬೇಕಿತ್ತು, ನೋಡ್ಲಿಲ್ಲ."

ಮಾವನ ಕನ್ನಡಕ ಹಣೆಗೇರಿತು. "ಅಂದ್ರೆ ನಾನು ಹೆಚ್ಚು ಕೊಟ್ಟಿದ್ದೇ ತಪ್ಪಾಯ್ತು!" ಮಗಳ ಕಡೆ ತಿರುಗಿದರು. "ಕೇಳಿಸ್ತೇನಮ್ಮಾ? ಅಂಗಿಗೆ ಬಟ್ಟೆ ಜಾಸ್ತಿ ಆಯ್ತು, ಅದಕ್ಕೇ ಹರಿದೋಯ್ತು ಅಂತಾನೆ ನಿನ್ನ ಗಂಡ."

ಅವಳು ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಒಂದು ಮುರೀತು ಅಂತ ಮೂವತ್ತೆರಡೂ ಹಾಳಾ? ನಾಳೆ ಬೆಳಿಗ್ಗೆ ಲಾರಿ ಬರತ್ತೆ. ನಂಬರ್ ಹೊಡಿ, ಬಣ್ಣ ಹಚ್ಚಿಸು."

ಷೆಡ್ಡಿನ ಪದ್ಧತಿ ಅದು. ಬೆಸುಗೆ ಹಾಕಿದವನು ಅದರ ಪಕ್ಕದಲ್ಲಿ ತನ್ನ ನಂಬರಿನ ಉಕ್ಕಿನ ಅಚ್ಚನ್ನಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆಯಬೇಕು. ನಂಬರಿಲ್ಲದ ತುಂಡು ಗೇಟು ದಾಟುವುದಿಲ್ಲ. ಮುಂದೆ ಎಂದಾದರೂ ಏನಾದರೂ ಆದರೆ, ಹಾಕಿದವರು ಯಾರೆಂದು ಕಬ್ಬಿಣವೇ ಹೇಳುತ್ತದೆ. ಅಳಿಯನ ನಂಬರು ಏಳು.

"ನಾನು ಹೊಡೆಯಲ್ಲ ಮಾವ."

ಈ ಆಫೀಸಿನಲ್ಲಿ ಇಂಥ ಮಾತು ಮೊದಲು ಹುಟ್ಟಿರಲಿಲ್ಲ.

"ಹೌದಾ? ಆಯ್ತು ಅಳಿಯಂದ್ರೇ" ಎಂದರು ಮಾವ, ಬಹಳ ಮೆತ್ತಗೆ. "ನೀವು ಮೇಲೆ ಹೋಗಿ ಊಟ ಮಾಡಿ. ಸುಸ್ತಾಗಿದೀರಿ."

ಅಳಿಯ ಮೇಲೆ ಹೋದ. ಹೋಗಬಾರದಿತ್ತು ಎಂದು ಅರ್ಧ ಮೆಟ್ಟಿಲಲ್ಲೇ ಅನಿಸಿತು, ಆದರೂ ಕಾಲು ಹತ್ತುತ್ತಲೇ ಇತ್ತು. ಹೆಂಡತಿ ಹಿಂದೆಯೇ ಬಂದು ತಟ್ಟೆ ಹಾಕಿದಳು, ಅನ್ನ ಬಡಿಸಿದಳು. ಅವನು ಕಲಸುತ್ತಿರುವಾಗ ಕೆಳಗಿನಿಂದ ಒಂದು ಪೆಟ್ಟು ಕೇಳಿಸಿತು. ಕಲಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಅಪ್ಪ" ಎಂದಳು ಅವಳು.

ಅಚ್ಚು ಅವನ ಪೆಟ್ಟಿಗೆಯಲ್ಲೇ ಇತ್ತು. ಪೆಟ್ಟಿಗೆಯನ್ನು ಅವನು ತೆರೆದೇ ಬಿಟ್ಟು ಬಂದಿದ್ದ.

ಮೂರು, ನಾಲ್ಕು. ಒಂದೊಂದು ಪೆಟ್ಟೂ ನೆಲವನ್ನು ಹಾದು ಅಂಗಾಲಿಗೆ ಬರುತ್ತಿತ್ತು. ಕಿಟಕಿಯ ಆಚೆ ಷೆಡ್ಡಿನ ತಗಡು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ಆ ಕಿಟಕಿಗೆ ಕಂಬಿ ಹಾಕಿದ್ದು ಅವನೇ, ಮದುವೆಯ ಮೊದಲ ತಿಂಗಳಲ್ಲಿ. ಚೆಂದದ ಬೆಸುಗೆ, ಎಲ್ಲಿಯೂ ಒಂದು ತೂತಿಲ್ಲ. ಇಬ್ಬರೂ ಎಣಿಸುತ್ತಿದ್ದಾರೆ ಎಂದು ಇಬ್ಬರಿಗೂ ಗೊತ್ತಿತ್ತು.

"ಎಷ್ಟಾಯ್ತು?" ಎಂದ, ನಡುವೆ ಒಮ್ಮೆ ತಪ್ಪಿಹೋಗಿ.

"ಹತ್ತೊಂಬತ್ತು." ಅವಳು ನೀರಿನ ಲೋಟವನ್ನು ಹತ್ತಿರ ಸರಿಸಿದಳು. "ರೀ, ನಿಜವಾಗ್ಲೂ ಬಿಡತ್ತಾ ಅದು? ಮಕ್ಕಳು ಒರಗಿದ್ರೆ?"

"ಮೊದಲ್ನೇ ದಿನ ಬಿಡಲ್ಲ. ಎರಡನೇ ವರ್ಷ ಬಿಟ್ರೂ ಬಿಡಬಹುದು. ಹತ್ತು ಹುಡುಗ್ರು ಒಟ್ಟಿಗೆ ಒರಗಿದ ದಿನ."

"ಅಪ್ಪನಿಗೆ ಅದು ಗೊತ್ತಿಲ್ವಾ?"

"ಗೊತ್ತು. ಹೆಚ್ಚು ಕೊಟ್ಟೆ ಅಂತ ಊರಿಗೆಲ್ಲ ಹೇಳಾಗಿದೆಯಲ್ಲ, ಈಗ ಹೇಗೆ ಇಳೀತಾರೆ?"

ಮೂವತ್ತೊಂದು. ಅಲ್ಲಿಗೆ ನಿಲ್ಲಬೇಕಿತ್ತು, ಒಂದು ಮುರಿದಿತ್ತಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಅಳಿಯ ಉಸಿರು ಬಿಟ್ಟ. ಆಗ ಮೂವತ್ತೆರಡನೆಯದೂ ಬಿತ್ತು.

ಮುರಿದ ಪಾದದ ಮೇಲೂ ಏಳು.

ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ. ಇನ್ನು ಈ ಊರಿನಲ್ಲಿ ಮೂವತ್ತೆರಡು ಕಡೆ ಅವನ ನಂಬರು ನಿಲ್ಲುತ್ತದೆ, ಮಕ್ಕಳ ಕಾಲಬುಡದಲ್ಲಿ. ಅವನು ಎಲ್ಲಿಗೆ ಹೋದರೂ ಅದು ಇಲ್ಲೇ ಇರುತ್ತದೆ. ಟ್ಯಾಂಕಿನ ಕಿಂಡಿಯನ್ನು ಯಾರೋ ಹೊರಗಿನಿಂದ ಮುಚ್ಚಿ ಬೋಲ್ಟು ಬಿಗಿದಂತಾಯಿತು.

ಮೆಟ್ಟಿಲಿಳಿದ. ಮಾವ ವಾಪಸು ಬಂದು ಮೇಜಿನ ಮುಂದೆ ಕೂತು ಕೈ ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಹಣೆಗೇರಿತು. ಅಳಿಯ ಏನೂ ಹೇಳದೆ ಮೇಜನ್ನು ದಾಟಿದ.

ಷೆಡ್ಡಿನಲ್ಲಿ ಗ್ರೈಂಡರ್ ತೆಗೆದುಕೊಂಡು, ಮೊದಲ ಕಂಬವನ್ನು ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ, ಬೆಸುಗೆಯ ಮೇಲೆ ಚಕ್ರ ಇಟ್ಟ. ಕಿಡಿ ಗೋಡೆಯವರೆಗೆ ಹಾರಿತು. ಬಿರುಕಿನ ಮೇಲೆ ಹೊಸ ಬೆಸುಗೆ ಹಾಕಿದರೆ ಹುಣ್ಣಿನ ಮೇಲೆ ಪೌಡರ್ ಬಳಿದಂತೆ. ಹಳೆಯದು ಪೂರ್ತಿ ಹೋಗಬೇಕು. ಒಂದು ಬದಿ, ಇನ್ನೊಂದು ಬದಿ, ಪಟ್ಟಿ ಕಳಚಿ ಬಿತ್ತು. ಎರಡನೆಯದು. ಮೂರನೆಯದು. ಬಣ್ಣದಜ್ಜಿ ತನ್ನ ಡಬ್ಬಕ್ಕೆ ಮುಚ್ಚಳ ಒತ್ತಿ ಅದರ ಮೇಲೆಯೇ ಕೂತಳು.

ಐದನೆಯದು ಬೀಳುವಾಗ ಮಾವ ಬಾಗಿಲಲ್ಲಿದ್ದರು. ಬಾಯಿ ಅಲ್ಲಾಡಿದ್ದಷ್ಟೇ ಕಂಡಿತು. 'ನಿಲ್ಸಿ' ಎಂದಿರಬೇಕು. ಅಳಿಯ ನಿಲ್ಲಿಸಲಿಲ್ಲ. ಮಾವ ಗೋಡೆಯ ಕಡೆ ನಡೆದು ಷೆಡ್ಡಿನ ಮೇನ್ ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟರು. ಒಮ್ಮೆ ಕೆಳಕ್ಕೆ ಎಳೆದರೆ ಎಲ್ಲವೂ ನಿಲ್ಲುತ್ತದೆ. ನಾಳೆ ಬೇರೆ ವೆಲ್ಡರನ್ನು ಕರೆಸಿ, ಕಳಚಿದ್ದಕ್ಕೆ ಮತ್ತೆ ಮೂರರ ಬೆಸುಗೆ ಹಾಕಿಸಿ ಕಳಿಸಬಹುದು.

ಅದೇ ಹೊತ್ತಿಗೆ ಚಕ್ರ ಸವೆದುಹೋಯಿತು. ಬದಲಿಸಲೆಂದು ಅಳಿಯ ಗ್ರೈಂಡರ್ ಆರಿಸಿದ. ಆ ಮೌನದಲ್ಲಿ, ಅವನ ಹಿಂದೆಯೇ ಆಫೀಸಿಗೆ ಇಳಿದು ಬಂದಿದ್ದ ಹೆಂಡತಿಯ ಮಾತು ಕೇಳಿಸಿತು, ಫೋನಿನಲ್ಲಿ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ.

"ಇಲ್ಲ ಮೇಡಂ, ನಾಳೆ ಬರಲ್ಲ, ಶುಕ್ರವಾರ. ಕೆಲಸ ಮುಗಿದಿತ್ತು, ಆದ್ರೆ ಅಪ್ಪನಿಗೇ ಸಮಾಧಾನ ಆಗ್ಲಿಲ್ಲ. ದಪ್ಪ ಪ್ಲೇಟಿಗೆ ಆ ಬೆಸುಗೆ ಸಾಲಲ್ಲ ಅಂತ ಎಲ್ಲಾನೂ ಕಳಚಿಸಿದಾರೆ. ಹೌದು ಮೇಡಂ, ಅಪ್ಪ ಹಾಗೇನೇ. ಮಕ್ಕಳ ವಿಷಯ ಅಲ್ವಾ ಅಂದ್ರು. ಹೇಳ್ತೀನಿ ಮೇಡಂ. ಖಂಡಿತ ಹೇಳ್ತೀನಿ."

ಮಾವನ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಅಳಿಯ ಹೊಸ ಚಕ್ರ ಹಾಕಿ ಬಿಗಿ ಮಾಡಿದ, ಅವಸರ ಮಾಡಲಿಲ್ಲ.

"ಸುಮ್ನೆ ಯಾಕೆ ನಿಂತಿದೀಯೋ?" ಎಂದಳು ಬಣ್ಣದಜ್ಜಿ ಮಾವನಿಗೆ. "ಕಳಚ್ಸೋನು ನೀನೇ ಅಂತೆ. ಕಳಚ್ಸು."

ಮಾವ ಹಿಡಿಯಿಂದ ಕೈ ತೆಗೆದರು. ಅಂಗೈಗೆ ಹತ್ತಿದ ಧೂಳನ್ನು ನೋಡಿಕೊಂಡು, ಪಂಚೆಗೆ ಒರೆಸಿ, ಆಫೀಸಿಗೆ ವಾಪಸು ಹೋದರು.

ಮುಂದಿನ ಎರಡು ದಿನ ಹೆಂಡತಿ ಷೆಡ್ಡಿನಲ್ಲೇ ಇದ್ದಳು. ಅವಳು ಹುಟ್ಟಿ ಬೆಳೆದದ್ದು ಈ ಕಿಡಿಗಳ ನಡುವೆ, ಗ್ಯಾಸ್ ಟಾರ್ಚು ಹಿಡಿಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಅವಳು ಪಾದದ ಪ್ಲೇಟಿನ ಮೇಲೆ ನೀಲಿ ಉರಿಯನ್ನು ಆಡಿಸುತ್ತಾ, ಬೆರಳಿನಿಂದ ಒಂದು ಹನಿ ನೀರು ಚಿಮುಕಿಸುತ್ತಿದ್ದಳು. ಮೊದಲು ಹನಿ ಸುಮ್ಮನೆ ಹರಡುತ್ತಿತ್ತು. ಆಮೇಲೆ ಕುದಿಯುತ್ತಿತ್ತು. ಕೊನೆಗೆ ಕೂರಲಾರದೆ ಚುಂಯ್ ಎಂದು ಹಾರಿಹೋಗುತ್ತಿತ್ತು.

"ಈಗ" ಎನ್ನುತ್ತಿದ್ದಳು.

ಅವನು ಮುಖಕ್ಕೆ ಗಾಜು ಇಳಿಸಿ ಬೆಸುಗೆ ಹಾಕುತ್ತಿದ್ದ. ಬೆಸುಗೆ ಅಳೆಯುವ ಗೇಜಿನಲ್ಲಿ ಆರು ಎಂದು ಬರೆದ ತಗಡಿನ ಎಲೆಯನ್ನು ಮೂಲೆಗೆ ಒತ್ತಿ ನೋಡಿದರೆ ಕೆಳಗೆ ಬೆಳಕು ನುಸುಳಲಿಲ್ಲ. ಮೊದಲನೆಯದು ತಣಿದ ಮೇಲೆ ಅದನ್ನು ಭುಜದೆತ್ತರದಿಂದ ಬೇಕೆಂದೇ ಬೀಳಿಸಿದ. ಠಣ್ ಎಂದಿತು. ಪಟ್ಟಿ ಸ್ವಲ್ಪ ಬಾಗಿತು, ಬೆಸುಗೆ ಕದಲಲಿಲ್ಲ. ಬಾಗಿದ್ದನ್ನು ನೆಟ್ಟಗೆ ಮಾಡುವುದಕ್ಕೆ ಅರ್ಧ ಗಂಟೆ ಹಿಡಿಯಿತು.

"ಬೀಳಿಸೋದು, ನೆಟ್ಟಗೆ ಮಾಡೋದು. ಗಂಡಸರ ಕೆಲಸ ಇಷ್ಟೇ" ಎಂದಳು ಅಜ್ಜಿ.

ಮಾವ ಆ ಎರಡು ದಿನ ಷೆಡ್ಡಿನೊಳಕ್ಕೆ ಕಾಲಿಡಲಿಲ್ಲ. ಊಟಕ್ಕೆ ಮೂವರೂ ಒಟ್ಟಿಗೇ ಕೂರುತ್ತಿದ್ದರು. ಮಾತೆಲ್ಲ ಮಗಳ ಮೂಲಕ ಹೋಗಿ ಬರುತ್ತಿತ್ತು. "ಉಪ್ಪು ಬೇಕಾ ಕೇಳು ಅವರಿಗೆ."

ಶುಕ್ರವಾರ ಕಂಬಗಳು ಶಾಲೆಗೆ ಹೋದವು. ಅಳಿಯ ಮಂಡಿಯೂರಿ ಒಂದೊಂದೇ ಬೋಲ್ಟು ಬಿಗಿಯುತ್ತಿದ್ದ. ಮಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಪಡಸಾಲೆಯಲ್ಲಿ ನಿಂತಿದ್ದರು.

"ಈ ಕಾಲದಲ್ಲಿ ಇಷ್ಟು ಕಾಳಜಿ ಯಾರು ಮಾಡ್ತಾರೆ ಹೇಳಿ?" ಎಂದರು ಹೆಡ್ ಮೇಡಂ. "ಮುಗಿದ ಕೆಲಸ ಕಳಚಿಸಿದ್ರಂತೆ."

ಅಳಿಯನ ಕೈಯ ಸ್ಪ್ಯಾನರ್ ನಿಂತಿತು.

"ದಪ್ಪ ಪ್ಲೇಟು ಬಿಸಿ ಎಲ್ಲಾ ಹೀರ್ಕೊಂಡ್ಬಿಡತ್ತೆ ಮೇಡಂ" ಎಂದರು ಮಾವ. "ಬೆಸುಗೆ ಅಳತೆ ದಪ್ಪದ್ದು ನೋಡಿ ಹಾಕ್ಬೇಕು. ಇಪ್ಪತ್ತು ದಾಟಿದ್ರೆ ಆರು." ಹೇಳುವಾಗ ಅವರ ಕಣ್ಣು ಆಚೆ ಮೈದಾನದ ಮೇಲಿತ್ತು.

ಅಳಿಯ ಸ್ಪ್ಯಾನರ್ ತಿರುಗಿಸಿದ. ರಟ್ಟಿನ ಮಾತು ಅಕ್ಷರ ತಪ್ಪದೆ ಇತ್ತು. ಪೆಟ್ಟಿಗೆ ತೆರೆದೇ ಇದ್ದದ್ದು ಅವನಿಗೆ ನೆನಪಾಯಿತು.

ನಂಬರುಗಳು ಹಾಗೇ ಉಳಿದಿದ್ದವು. ಪ್ರೈಮರಿನಡಿ, ಎಲ್ಲ ಪಾದಗಳ ಮೇಲೂ ಏಳು, ಮಾವನ ಕೈಯಲ್ಲಿ ಸ್ವಲ್ಪ ಎಡಕ್ಕೆ ವಾಲಿ. ಮತ್ತೆ ಹೊಡೆಯಬೇಕಾದ ಅಗತ್ಯವಿರಲಿಲ್ಲ. ಬೆಸುಗೆ ಈಗ ಅವನದೇ, ನಂಬರೂ ಅವನದೇ, ಹೊಡೆದ ಕೈ ಮಾತ್ರ ಅವನದಲ್ಲ. ಕೊನೆಯ ಬೋಲ್ಟು ಬಿಗಿದ ಮೇಲೆ ಎದ್ದು ಕಂಬಿಗೆ ಮೈಯನ್ನು ಪೂರ್ತಿ ಒರಗಿಸಿ, ಮಕ್ಕಳ ಹಾಗೆ ಹೊಟ್ಟೆಯೊತ್ತಿ, ಕೆಳಗೆ ನೋಡಿದ.

ಮರುವಾರ ಒಂದು ಮಧ್ಯಾಹ್ನ ಅಳಿಯ ಮೆಟ್ಟಿಲಿಳಿದ. ಕನ್ನಡಕ ಹಣೆಗೇರಿತು. ಏನೂ ಹೇಳದೆ ದಾಟಬಹುದು ಎಂದು ಅವನ ಕಾಲಿಗೆ ಈಗ ಗೊತ್ತಿತ್ತು. ಅವನು ನಿಂತ.

"ಬ್ಲೇಡ್ ತರ್ತೀನಿ ಮಾವ."

"ಹೋಗಿ ಬಾ" ಎಂದರು ಮಾವ. ಎಷ್ಟೋ ದಿನಗಳ ಮೇಲೆ ಏಕವಚನ.

ಶಾಲೆಯ ಎದುರಿನ ಗೋಡೆಯ ನೆರಳಿನಲ್ಲಿ ಅವನು ನಿಂತುಕೊಂಡ. ಊಟದ ಗಂಟೆ ಹೊಡೆಯಿತು. ಎರಡನೇ ಮಹಡಿಯಲ್ಲಿ ಬಾಗಿಲುಗಳು ತೆರೆದು ಮಕ್ಕಳು ಕಂಬಿಗೆ ಬಂದು ಮುತ್ತಿದರು, ಒಬ್ಬರ ಮೇಲೊಬ್ಬರು ಒರಗಿದರು, ಕೆಳಗಿನವರನ್ನು ಕೂಗಿ ಕರೆದರು. ಒಂದೇ ಕಂಬದ ಹತ್ತಿರ ಹನ್ನೊಂದು ಜನ. ಅವನು ಎಣಿಸಿದ, ಮತ್ತೆ ಎಣಿಸಿದ. ಗಂಟೆ ಹೊಡೆದು ಅವರೆಲ್ಲ ಒಳಗೆ ಹೋಗುವವರೆಗೂ ಅಲ್ಲೇ ನಿಂತಿದ್ದ.

ಬರುವಾಗ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಬ್ಲೇಡ್ ತಂದ.